ಸೈಕಲ್‌ಗೆ ಲೈಸೆನ್ಸ್ ಬೇಡ, ಬಾಡಿಗೆ ಬ್ಯಾಟರಿ ಗಾಡಿಗೆ ನಂಬರ್ ಹಾಕಿಸಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ನಮ್ಮ ಮೈಸೂರಿನವರೇ ಆದ ಹಿರಿಯರೊಬ್ಬರು ಬರೆದಿದ್ದರು. ಬೆಳಿಗ್ಗೆ ವಾಕಿಂಗ್ ಹೊರಟಾಗ ಫುಟ್‌ಪಾತ್ ಮೇಲೆ ಬಂದ ಸೈಕಲ್ ಗುದ್ದಿ ಬಿದ್ದರಂತೆ. ಮೊಣಕೈ ಮೂಳೆ ಬಿರುಕು ಬಿಟ್ಟಿದೆ. ಗುದ್ದಿದ ಹುಡುಗ ತಿರುಗಿಯೂ ನೋಡದೆ ಹೋದನಂತೆ. ನಂಬರ್ ಇಲ್ಲದ ಗಾಡಿ, ಪೊಲೀಸರಿಗೆ ಏನಂತ ದೂರು ಕೊಡೋದು ಅಂತ ಕೇಳಿದ್ದಾರೆ. ಹಾಗಾಗಿ ಸೈಕಲ್ ಓಡಿಸುವವರಿಗೆಲ್ಲ ಲೈಸೆನ್ಸ್ ಮಾಡಿ, ಜೇಬಿನಲ್ಲಿ ಗುರುತಿನ ಚೀಟಿ ಕಡ್ಡಾಯ ಮಾಡಿ, ಸೈಕಲ್‌ಗೂ ನಂಬರ್ ಪ್ಲೇಟ್ ಹಾಕಿಸಿ ಅನ್ನುವುದು ಅವರ ಬೇಡಿಕೆ. ಅದನ್ನು ಒಪ್ಪಿ ಆಮೇಲೆ ಇನ್ನೂ ಕೆಲವು ಪತ್ರ ಬಂದವು. ಒಂದರಲ್ಲಂತೂ ರೋಡ್ ಟ್ಯಾಕ್ಸ್ ಕಟ್ಟದವರಿಗೆ ರೋಡ್ ಯಾಕೆ ಅಂತಲೂ ಇತ್ತು.

ಅವರ ಕೈ ಬೇಗ ವಾಸಿಯಾಗಲಿ. ಸಿಟ್ಟು ಬಂದಿದ್ದು ತಪ್ಪಲ್ಲ, ನನಗಾದರೂ ಬರುತ್ತಿತ್ತು. ಆದರೆ ಅವರು ಕೇಳಿದ್ದನ್ನೆಲ್ಲ ಸರ್ಕಾರ ನಾಳೆಯೇ ಮಾಡಿಕೊಟ್ಟರೂ ಆ ಹುಡುಗ ಸಿಗುವುದಿಲ್ಲ. ಸಿಕ್ಕಿಬೀಳುವವರು ಬೇರೆಯವರು. ಅವರು ಯಾರು ಅಂತ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ನಾನು ಸೈಕಲ್ ಶಾಪಿನವನು. ಅಗ್ರಹಾರದ ಹತ್ತಿರ ಒಂದು ಅಡ್ಡರಸ್ತೆಯಲ್ಲಿ ಅಪ್ಪ ಶುರು ಮಾಡಿದ ಅಂಗಡಿ. ಪಂಕ್ಚರ್ ಹಾಕುವುದು, ಕಡ್ಡಿ ಕಟ್ಟುವುದು, ರಿಮ್ ಬೆಂಡ್ ತೆಗೆಯುವುದು, ಹಳೇ ಸೈಕಲ್ ರೆಡಿ ಮಾಡಿ ಮಾರುವುದು, ಇದೇ ಕೆಲಸ.

ಮೊದಲನೆಯದಾಗಿ, ಸೈಕಲ್ ಲೈಸೆನ್ಸ್ ಅನ್ನುವುದು ಹೊಸ ಐಡಿಯಾ ಏನಲ್ಲ. ನಮ್ಮಲ್ಲೇ ಇತ್ತು. ಐವತ್ತು ದಾಟಿದವರಿಗೆ ಬಿಲ್ಲೆ ಅಂದರೆ ಥಟ್ಟನೆ ನೆನಪಾಗುತ್ತದೆ. ಪುರಸಭೆಗೋ ಪಂಚಾಯ್ತಿಗೋ ವರ್ಷಕ್ಕೊಮ್ಮೆ ದುಡ್ಡು ಕಟ್ಟಿ, ತಗಡಿನ ಬಿಲ್ಲೆ ತಂದು ಸೈಕಲ್‌ಗೆ ಕಟ್ಟಬೇಕಿತ್ತು. ಅಪ್ಪನ ಅಂಗಡಿಯಲ್ಲಿ ಅವಧಿ ಮುಗಿದ ಬಿಲ್ಲೆಗಳೇ ತುಂಬಿದ ಒಂದು ಹಾರ್ಲಿಕ್ಸ್ ಬಾಟಲಿ ಇತ್ತು. ಒಂದು ವರ್ಷದ್ದು ದುಂಡಗೆ, ಇನ್ನೊಂದು ವರ್ಷದ್ದು ಮೂಲೆ ಮೂಲೆ. ದೂರದಿಂದ ನೋಡಿದರೂ ಈ ವರ್ಷದ್ದೋ ಹಳೇದೋ ತಿಳಿಯಲಿ ಅಂತ ಹಾಗೆ ಮಾಡುತ್ತಿದ್ದರಂತೆ. ಮೇಲೆ ಇಸವಿ, ಒಂದು ನಂಬರು, ಕಟ್ಟುವುದಕ್ಕೆ ಒಂದು ತೂತು. ನಾವು ಹುಡುಗರು ಅವನ್ನು ಮೆಡಲ್ ಥರ ಕೊರಳಿಗೆ ಹಾಕಿಕೊಂಡು ಆಡುತ್ತಿದ್ದೆವು.

ಆ ಬಿಲ್ಲೆಯಿಂದ ಆಗುತ್ತಿದ್ದದ್ದು ಇಷ್ಟೇ. ಚೆಕಿಂಗ್ ಇದೆ ಅಂತ ಸುದ್ದಿ ಬಂದರೆ ಬಿಲ್ಲೆ ಇಲ್ಲದವರು ಇಳಿದು ತಳ್ಳಿಕೊಂಡು ಹೋಗುತ್ತಿದ್ದರು. ಹಾಲಿನವರು, ಸೊಪ್ಪಿನವರು ಪಕ್ಕದ ಬೀದಿಗೆ ತಿರುಗುತ್ತಿದ್ದರು. ಡಬಲ್ ರೈಡಿಂಗ್‌ಗೆ, ರಾತ್ರಿ ಲೈಟ್ ಇಲ್ಲದ್ದಕ್ಕೆ ಪೊಲೀಸರು ಬೇರೆ ಹಿಡಿಯುತ್ತಿದ್ದರು. ಹಿಡಿದರೆ ಚಕ್ರದ ಗಾಳಿ ಬಿಟ್ಟು ಕಳಿಸುವುದು ಮಾಮೂಲಿ. ಗಾಳಿ ಬಿಟ್ಟರೆ ನಮಗೆ ವ್ಯಾಪಾರ, ಅದು ಬೇರೆ ಮಾತು. ಆದರೆ ಬಿಲ್ಲೆ ನಂಬರ್ ಹಿಡಿದುಕೊಂಡು ಹೋಗಿ, ಗುದ್ದಿ ಓಡಿದವನನ್ನು ಪತ್ತೆ ಮಾಡಿದರು ಅನ್ನುವ ಒಂದೇ ಒಂದು ಕಥೆಯನ್ನೂ ಅಪ್ಪ ಹೇಳಲಿಲ್ಲ. ಹೆಬ್ಬೆರಳಿನಷ್ಟು ತಗಡಿನ ಮೇಲಿನ ಅಂಕಿಯನ್ನು ಓಡುವ ಸೈಕಲ್‌ನಲ್ಲಿ ಯಾರು ಓದುತ್ತಾರೆ? ಅದು ಇದ್ದದ್ದು ವಸೂಲಿಗೆ. ಬಿಲ್ಲೆ ಮಾಡಿಸಬೇಕು, ಹಂಚಬೇಕು, ರಿಜಿಸ್ಟರ್ ಬರೆಯಬೇಕು, ಬೀದಿಯಲ್ಲಿ ನಿಂತು ಹಿಡಿಯಬೇಕು. ಇಷ್ಟೆಲ್ಲ ಮಾಡಿ ಬರುತ್ತಿದ್ದದ್ದು ಚಿಲ್ಲರೆ ಕಾಸು. ಕೊನೆಗೆ ಕೇಳುವವರೂ ಇಲ್ಲ, ಕಟ್ಟುವವರೂ ಇಲ್ಲ ಅನ್ನುವಂತಾಗಿ ತಣ್ಣಗಾಯಿತು.

ನನ್ನ ಮಗಳು ವಕೀಲಿಕೆ ಓದಿದವಳು. ಸರ್ಕಾರಕ್ಕೆ ಮನಸ್ಸಾದರೆ ಮತ್ತೆ ತರಬಹುದು ಅಪ್ಪ, ಸುಮ್ನೆ ಖುಷಿ ಪಡಬೇಡ ಅನ್ನುತ್ತಾಳೆ. ಸಂವಿಧಾನದ ರಾಜ್ಯಪಟ್ಟಿಯಲ್ಲಿ 57ನೆಯದಾಗಿ ಅದೇ ಇದೆಯಂತೆ: ರಸ್ತೆಯಲ್ಲಿ ಓಡುವ ವಾಹನಕ್ಕೆ, ಅದಕ್ಕೆ ಇಂಜಿನ್ ಇರಲಿ ಬಿಡಲಿ, ರಾಜ್ಯ ತೆರಿಗೆ ಹಾಕಬಹುದು. ಹಾಲೆಂಡ್ ಕಥೆಯನ್ನೂ ಅವಳೇ ಹೇಳಿದಳು. ಸೈಕಲ್‌ಗೆ ಸ್ವರ್ಗ ಅಂತೀವಲ್ಲ, ಅಲ್ಲೂ 1924ರಿಂದ 1941ರವರೆಗೆ ಹಿತ್ತಾಳೆ ಬಿಲ್ಲೆ ಕಡ್ಡಾಯ ಇತ್ತು. ಕೆಲಸ ಇಲ್ಲದವರಿಗೆ ಬಿಟ್ಟಿಯಾಗಿ ಕೊಡುತ್ತಿದ್ದರು, ಆದರೆ ಅದರ ಮಧ್ಯೆ ಒಂದು ತೂತು ಹೊಡೆದು. ಇವನು ಕಾಸು ಕೊಟ್ಟು ತಂದಿಲ್ಲ ಅಂತ ಬೀದಿಗೆಲ್ಲ ಗೊತ್ತಾಗಬೇಕಲ್ಲ! ಬಿಲ್ಲೆ ಅಂದ ಮೇಲೆ ಕೊನೆಗೆ ಯಾರ ಮರ್ಯಾದೆ ಹೋಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ನಮ್ಮೂರಲ್ಲಿ ಸೈಕಲ್ ಓಡಿಸುವವರು ಯಾರು ಅಂತ ಸ್ವಲ್ಪ ನೋಡೋಣ. ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತುವವರು ಇದ್ದಾರೆ. ಲಕ್ಷ ರೂಪಾಯಿ ಸೈಕಲ್, ಹೆಲ್ಮೆಟ್, ಮುಂದೆ ಹಿಂದೆ ಲೈಟು. ಅವರು ನನ್ನ ಅಂಗಡಿಗೆ ಬರುವುದು ಕಡಿಮೆ. ಗಾಳಿ ಹಾಕಲು ಪಂಪ್ ಅವರ ಹತ್ತಿರವೇ ಇರುತ್ತದೆ. ನನ್ನ ಗಿರಾಕಿಗಳೇ ಬೇರೆ. ಬೆಳಗಿನ ಜಾವ ಪೇಪರ್ ಹಾಕುವ ಹುಡುಗರು. ಇವತ್ತು ನೀವು ಓದುತ್ತಿರುವ ಈ ಪೇಪರ್ ಕೂಡ ಬಹಳಷ್ಟು ಮನೆಗೆ ಸೈಕಲ್ ಮೇಲೇ ಬಂದಿರುತ್ತದೆ, ಅಲ್ವಾ? ಆಮೇಲೆ ಹೆಬ್ಬಾಳ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ಸೆಕ್ಯುರಿಟಿಯವರು. ಬಿಹಾರ, ಒಡಿಶಾದಿಂದ ಗಾರೆ ಕೆಲಸಕ್ಕೆ ಬಂದ ಹುಡುಗರು, ಮೂರು ಜನ ಸೇರಿ ಒಂದು ಸೆಕೆಂಡ್ ಹ್ಯಾಂಡ್ ಸೈಕಲ್ ಕೊಳ್ಳುತ್ತಾರೆ. ಕ್ಯಾರಿಯರ್‌ಗೆ ಕುಕ್ಕರ್ ರಬ್ಬರ್, ಗ್ಯಾಸ್ ಸ್ಟವ್ ಸಾಮಾನು ಕಟ್ಟಿಕೊಂಡು ಬೀದಿ ಬೀದಿ ಸುತ್ತುವವರು. ಮಧ್ಯಾಹ್ನದ ಮೇಲೆ ಸ್ಕೂಲ್ ಮಕ್ಕಳು.

ಲೈಸೆನ್ಸ್ ಅಂದರೆ ಇವರೆಲ್ಲ ಆರ್‌ಟಿಓ ಆಫೀಸಿನ ಮುಂದೆ ನಿಲ್ಲಬೇಕು. ಸ್ಕೂಟರ್ ಲೈಸೆನ್ಸ್‌ಗೆ 18 ವರ್ಷ ಆಗಿರಬೇಕು; ಗೇರ್ ಇಲ್ಲದ ಸಣ್ಣ ಗಾಡಿಗಾದರೆ 16. ಸೈಕಲ್‌ಗೆ ಎಷ್ಟು ಇಡುತ್ತೀರಿ? ಎಂಟನೇ ಕ್ಲಾಸಿನ ಹುಡುಗಿಗೆ 13 ವರ್ಷ. 2006-07ರಲ್ಲಿ ಇದೇ ನಮ್ಮ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುವುದಕ್ಕೆ ಶುರು ಮಾಡಿತು. ಹಳ್ಳಿಯಿಂದ ಹೈಸ್ಕೂಲಿಗೆ ದೂರ, ಬಸ್ ಇಲ್ಲ, ಹೆಣ್ಣುಮಕ್ಕಳು ಓದು ಬಿಡುತ್ತಾರೆ ಅಂತ. ಕೋವಿಡ್ ಬಂದಾಗ ಅದು ನಿಂತಿತು, ಆ ಸಂಗತಿ ಬೇರೆಯೇ ಒಂದು ಪತ್ರಕ್ಕೆ ಆಗುತ್ತದೆ. ಒಂದು ಕೈಯಲ್ಲಿ ಸೈಕಲ್ ಕೊಟ್ಟು, ಇನ್ನೊಂದು ಕೈಯಲ್ಲಿ ಲೈಸೆನ್ಸ್ ಎಲ್ಲಿ ಅಂತ ಕೇಳಿದರೆ ಆ ಹುಡುಗಿಯ ಅಪ್ಪ ಏನು ಮಾಡುತ್ತಾನೆ? ಸೈಕಲ್ ಮಾರುತ್ತಾನೆ. ಕೆನಡಾದ ಟೊರಾಂಟೊ ನಗರದಲ್ಲಿ 1935ರಿಂದ 1957ರವರೆಗೆ ಸೈಕಲ್ ಲೈಸೆನ್ಸ್ ಇತ್ತು. ತೆಗೆದುಹಾಕುವಾಗ ನಗರದವರು ಕೊಟ್ಟ ಕಾರಣ ಇದೇ: ಏನೂ ತಿಳಿಯದ ಮಕ್ಕಳು ಸಣ್ಣ ವಯಸ್ಸಿಗೇ ಕಾನೂನು ಮುರಿದವರಾಗುತ್ತಾರೆ, ಪೊಲೀಸರಿಗೂ ಮಕ್ಕಳಿಗೂ ಸುಮ್ನೆ ಕೆಡುತ್ತದೆ.

ಸರಿ, ಲೈಸೆನ್ಸ್ ಬೇಡ, ಒಂದು ಗುರುತಿನ ಚೀಟಿ ಇಟ್ಟುಕೊಂಡರೆ ಏನು ಕಷ್ಟ ಅಂತ ಕೇಳುತ್ತಾರೆ. ಆಧಾರ್ ಎಲ್ಲರ ಹತ್ತಿರ ಇದೆಯಲ್ಲ ಅಂತ. ನನ್ನ ಅಂಗಡಿಯಲ್ಲೇ ನಡೆದಿದ್ದನ್ನು ಹೇಳುತ್ತೇನೆ. ಗಾರೆ ಕೆಲಸದ ಒಬ್ಬ ಹುಡುಗ ನನ್ನ ಹತ್ತಿರ ಹಳೇ ಹರ್ಕ್ಯುಲಿಸ್ ಒಂದನ್ನು ಕೊಂಡುಕೊಂಡು ಹೋಗಿದ್ದ. ಸ್ವಲ್ಪ ದಿನ ಆದ ಮೇಲೆ ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲೇ ಬಂದು ನಿಂತಿದ್ದ. ರಾತ್ರಿ ಕೆಲಸದಿಂದ ಬರುವಾಗ ನಿಲ್ಲಿಸಿ, ಸೈಕಲ್ ಯಾರದ್ದು, ಬಿಲ್ ಎಲ್ಲಿ, ಆಧಾರ್ ಎಲ್ಲಿ ಅಂತ ಕೇಳಿದ್ದಾರೆ. ಆಧಾರ್ ಇರುವುದು ಶೆಡ್ಡಿನಲ್ಲಿ, ಟ್ರಂಕ್ ಒಳಗೆ. ಸಿಮೆಂಟ್ ಮೆತ್ತಿದ ಬಟ್ಟೆ ಜೇಬಿನಲ್ಲಿ ಇಟ್ಟುಕೊಂಡರೆ ಅದು ಉಳಿಯುತ್ತದೆಯೇ? ಸೈಕಲ್ ಅಲ್ಲೇ ಬಿಟ್ಟು ನಡೆದು ಬಂದಿದ್ದ. ಅದೇ ರಸ್ತೆಯಲ್ಲಿ ಬೆಟ್ಟದ ಕಡೆ ಹೋಗುವ ಲಕ್ಷದ ಸೈಕಲ್‌ಗಳೂ ಓಡಾಡುತ್ತವೆ. ಅವರನ್ನು ಯಾರೂ ಬಿಲ್ ಕೇಳಿದ್ದನ್ನು ನಾನು ಕಂಡಿಲ್ಲ.

ಅವತ್ತಿನಿಂದ ಸೈಕಲ್ ಮಾರುವಾಗೆಲ್ಲ ಒಂದು ಕೆಲಸ ಮಾಡುತ್ತೇನೆ. ಗಿರಾಕಿಯ ಎದುರಿಗೇ ಸೈಕಲ್ ತಲೆಕೆಳಗು ಮಾಡಿ ನಿಲ್ಲಿಸುತ್ತೇನೆ. ಪೆಡಲ್ ಸುತ್ತುವ ಜಾಗದ ಕೆಳಭಾಗದಲ್ಲಿ ಮಣ್ಣು, ಗ್ರೀಸ್ ಸೇರಿ ಗಟ್ಟಿಯಾಗಿರುತ್ತದೆ. ಸ್ಕ್ರೂಡ್ರೈವರಿನಲ್ಲಿ ಕೆರೆದು, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಅಲ್ಲಿ ಒಂದು ನಂಬರ್ ಕಾಣುತ್ತದೆ. ಕಂಪನಿಯವರು ಫ್ರೇಮಿಗೇ ಹೊಡೆದ ನಂಬರ್. ಕೆಲವು ಸೈಕಲ್‌ಗಳಲ್ಲಿ ಸೀಟಿನ ಕೆಳಗಿನ ಪೈಪಿನಲ್ಲಿ ಇರುತ್ತದೆ. ಅದನ್ನು ಬಿಲ್ಲಿನಲ್ಲಿ ಬರೆದು, ಮೊಬೈಲಿನಲ್ಲಿ ಫೋಟೋ ತೆಗೆಸಿ ಕೊಡುತ್ತೇನೆ. ಎಷ್ಟೋ ವರ್ಷದಿಂದ ಸೈಕಲ್ ತುಳಿದವರಿಗೂ ಅಲ್ಲೊಂದು ನಂಬರ್ ಇದೆ ಅಂತ ಗೊತ್ತಿರುವುದಿಲ್ಲ. ಈ ಪತ್ರ ಓದಿದವರು ಇವತ್ತೇ ಒಂದು ಸಲ ತಲೆಕೆಳಗು ಮಾಡಿ ನೋಡಿ. ಸೈಕಲ್ ಕಳವಾದರೆ ಆ ನಂಬರ್ ಬಿಟ್ಟು ಬೇರೆ ಆಧಾರ ಇಲ್ಲ. ಜಪಾನಿನಲ್ಲಿ ಸೈಕಲ್ ಕೊಳ್ಳುವಾಗ ರಿಜಿಸ್ಟರ್ ಮಾಡಿಸಿ ಸ್ಟಿಕ್ಕರ್ ಅಂಟಿಸುವುದು ಕಾನೂನು. ಕಳವಾದ ಸೈಕಲ್ ಪತ್ತೆ ಮಾಡುವುದಕ್ಕೇ ಅದು ಇರುವುದು. ಓಡಿಸುವವನಿಗೆ ಲೈಸೆನ್ಸ್ ಅಲ್ಲೂ ಇಲ್ಲ. ಅಲ್ಲಿ ಸೈಕಲ್ ಓಡಿಸುತ್ತಾ ಫೋನ್ ನೋಡುವವರಿಗೆ, ಸಿಗ್ನಲ್ ಹಾರಿಸುವವರಿಗೆ 2026ರ ಏಪ್ರಿಲ್‌ನಿಂದ ಸ್ಥಳದಲ್ಲೇ ದಂಡದ ಚೀಟಿ ಕೊಡುವ ಪದ್ಧತಿ ತಂದರು. ಅದೂ 16 ವರ್ಷ ದಾಟಿದವರಿಗೆ ಮಾತ್ರ. ತಪ್ಪು ಮಾಡಿದವನನ್ನು ಹಿಡಿ, ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸಬೇಡ. ಇದು ನನಗೆ ಸರಿ ಅನ್ನಿಸುತ್ತದೆ.

ಗುರುತಿನ ಚೀಟಿಯನ್ನೇ ಕಡ್ಡಾಯ ಮಾಡಲು ಹೊರಟವರೂ ಇದ್ದಾರೆ. ನನ್ನ ತಂಗಿ ಮಗ ಸಿಡ್ನಿಯಲ್ಲಿದ್ದಾನೆ, ಕೆಲಸಕ್ಕೆ ಸೈಕಲ್‌ನಲ್ಲೇ ಹೋಗುತ್ತಾನೆ. ಅವನ ರಾಜ್ಯ ನ್ಯೂ ಸೌತ್ ವೇಲ್ಸ್‌ನಲ್ಲಿ 2016ರ ಮಾರ್ಚ್‌ನಲ್ಲಿ ಸೈಕಲ್‌ನವರ ದಂಡಗಳನ್ನೆಲ್ಲ ಏರಿಸಿದರು. ಹೆಲ್ಮೆಟ್ ಇಲ್ಲದಿದ್ದರೆ ಇದ್ದ 71 ಡಾಲರ್ ದಂಡ ಒಂದೇ ಏಟಿಗೆ 319 ಆಯಿತು. ಜೊತೆಗೆ, ಒಂದು ವರ್ಷ ಬಿಟ್ಟು 18 ದಾಟಿದ ಪ್ರತಿಯೊಬ್ಬ ಸೈಕಲ್ ಸವಾರನೂ ಫೋಟೋ ಇರುವ ಗುರುತಿನ ಚೀಟಿ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ 106 ಡಾಲರ್ ದಂಡ ಅಂತ ಹೇಳಿದರು. ಸೈಕಲ್‌ನವರು ಗಲಾಟೆ ಎಬ್ಬಿಸಿದರು. ಹಾಲು ತರಲು ಬೀದಿ ತುದಿಗೆ ಹೋಗುವುದಕ್ಕೂ ಕಾರ್ಡ್ ಬೇಕಾ, ನಡೆದುಹೋಗುವವರಿಗೆ ಬೇಡವಾದದ್ದು ನಮಗೆ ಯಾಕೆ ಅಂತ ಕೇಳಿದರು. ಆ ವರ್ಷದ ಡಿಸೆಂಬರ್‌ನಲ್ಲಿ, ಜಾರಿಗೆ ಬರುವ ಮೊದಲೇ ಸರ್ಕಾರ ಅದನ್ನು ಕೈಬಿಟ್ಟಿತು. ಅಲ್ಲಿ ಬಹಳ ಜನರ ಜೇಬಿನಲ್ಲಿ ಹೇಗೂ ಕಾರಿನ ಲೈಸೆನ್ಸ್ ಇರುತ್ತದೆ. ಅಂಥ ಕಡೆಯೇ ನಿಲ್ಲಲಿಲ್ಲ. ನಮ್ಮ ಗಾರೆ ಕೆಲಸದ ಹುಡುಗನ ಟ್ರಂಕಿಗೆ ಅದನ್ನು ತಂದು ಕಟ್ಟುವುದೇ?

ತೆರಿಗೆಯ ಮಾತಿಗೆ ಹೆಚ್ಚು ಬರೆಯುವುದಿಲ್ಲ. ಊರೊಳಗಿನ ರಸ್ತೆ ಮಾಡುವ ಕಾರ್ಪೊರೇಷನ್‌ಗೆ ನಾನು ಅಂಗಡಿ ಕಂದಾಯ ಕಟ್ಟುತ್ತೇನೆ. ನನ್ನ ಗಿರಾಕಿ ಮನೆ ಬಾಡಿಗೆಯಲ್ಲಿ ಮನೆ ಮಾಲೀಕನ ಕಂದಾಯವನ್ನೂ ಸೇರಿಸಿಯೇ ಕಟ್ಟುತ್ತಾನೆ. ಸೈಕಲ್‌ಗೂ ಬಿಡಿಭಾಗಕ್ಕೂ 12 ಪರ್ಸೆಂಟ್ ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ 5 ಆಗಿದೆ. ಇಪ್ಪತ್ತು ಕೆಜಿ ತೂಕದ ಸೈಕಲ್ ರಸ್ತೆಗೆ ಎಷ್ಟು ಹಳ್ಳ ಬೀಳಿಸುತ್ತದೆ ಅಂತ ಲೆಕ್ಕ ಹಾಕಿ ಹೇಳಿದರೆ ಅದನ್ನೂ ಕಟ್ಟೋಣ.

ಈಗ ಆ ಹಿರಿಯರಿಗೆ ಗುದ್ದಿದ ಗಾಡಿಗೆ ಬರುತ್ತೇನೆ. ಅವರ ಪತ್ರವನ್ನು ಎರಡು ಸಲ ಓದಿದೆ. ಗಾಡಿ ಸದ್ದೇ ಇಲ್ಲದೆ ಬಂತು, ಬೆನ್ನ ಮೇಲೆ ದೊಡ್ಡ ಚೌಕದ ಚೀಲ ಇತ್ತು, ಹುಡುಗ ಕಾಲು ಅಲ್ಲಾಡಿಸದೆ ಕೂತಿದ್ದ, ಬಿದ್ದ ಏಟಿಗೆ ಅವರು ಎರಡು ಹೆಜ್ಜೆ ಆಚೆ ಹೋಗಿ ಬಿದ್ದರು ಅಂತ ಇದೆ. ಸಾರ್, ಕಾಲು ಅಲ್ಲಾಡಿಸದೆ ಸೈಕಲ್ ಅಷ್ಟು ಜೋರಾಗಿ ಓಡುತ್ತಲೇ ಇರುವುದು ಇಳಿಜಾರಿನಲ್ಲಿ ಮಾತ್ರ. ನಿಮಗೆ ಗುದ್ದಿದ್ದು ಸೈಕಲ್ ಅಲ್ಲ. ಬಾಡಿಗೆಗೆ ಸಿಗುವ ಬ್ಯಾಟರಿ ಗಾಡಿ.

ಅದಕ್ಕೆ ನಂಬರ್ ಇಲ್ಲದಿರುವುದಕ್ಕೆ ಕಾರಣ ಕಾನೂನಿನಲ್ಲೇ ಇದೆ. ಕೇಂದ್ರದ ಮೋಟಾರು ವಾಹನ ನಿಯಮದ ಪ್ರಕಾರ ಮೋಟಾರಿನ ಶಕ್ತಿ 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ಅದು ಮೋಟಾರು ವಾಹನವೇ ಅಲ್ಲ. ಹಾಗಾಗಿ ರಿಜಿಸ್ಟ್ರೇಷನ್ ಬೇಡ, ಲೈಸೆನ್ಸ್ ಬೇಡ, ಇನ್ಶೂರೆನ್ಸ್ ಬೇಡ. ವಯಸ್ಸಾದವರು, ಹೆಂಗಸರು ಹತ್ತಿರದ ಓಡಾಟಕ್ಕೆ ಇಟ್ಟುಕೊಳ್ಳಲಿ ಅಂತ ಕೊಟ್ಟ ಸಡಿಲಿಕೆ ಅಂತ ನಾನು ಅಂದುಕೊಂಡಿದ್ದೆ. ಈಗ ನೋಡಿದರೆ ಅದರ ಲಾಭ ಪಡೆದಿರುವುದು ಗಾಡಿಗಳನ್ನು ರಾಶಿಗಟ್ಟಲೆ ಇಟ್ಟುಕೊಂಡು ಡೆಲಿವರಿ ಹುಡುಗರಿಗೆ ವಾರದ ಬಾಡಿಗೆಗೆ ಬಿಡುವವರು. ಬೆಂಗಳೂರಿನಲ್ಲಿ ಸಿಗ್ನಲ್‌ಗೆ ಕ್ಯಾಮೆರಾ ಹಾಕಿದ್ದಾರೆ. ಕ್ಯಾಮೆರಾ ಓದುವುದು ನಂಬರ್ ಪ್ಲೇಟನ್ನು. ಪ್ಲೇಟೇ ಇಲ್ಲದ ಗಾಡಿ ಒನ್ ವೇಯಲ್ಲಿ ಬಂದರೂ, ಸಿಗ್ನಲ್ ಹಾರಿಸಿದರೂ ಅದು ಏನು ಮಾಡುತ್ತದೆ?

25 ಕಿ.ಮೀ. ಅನ್ನುವುದೂ ಕಾಗದದಲ್ಲಿ. ಲಾಕ್ ತೆಗೆದುಕೊಡಿ ಅಂಕಲ್, ಸ್ಪೀಡ್ ಸಾಲಲ್ಲ ಅಂತ ಸ್ವಂತ ಗಾಡಿ ಇಟ್ಟುಕೊಂಡ ಹುಡುಗರು ನನ್ನ ಅಂಗಡಿಗೂ ಬರುತ್ತಾರೆ. ಕಂಟ್ರೋಲರ್‌ನಲ್ಲಿ ಒಂದು ವೈರ್ ಬಿಡಿಸಿದರೆ ವೇಗ ಏರುವ ಗಾಡಿಗಳಿವೆ. ನಾನು ಮಾಡಿಕೊಡುವುದಿಲ್ಲ. ಮಾಡಿಕೊಡುವವರು ಸಿಗುತ್ತಾರೆ. ಆ ಹುಡುಗರನ್ನು ಬೈಯಲು ನನಗೆ ಮನಸ್ಸಿಲ್ಲ. ಒಂದು ಪಾರ್ಸೆಲ್‌ಗೆ ಇಷ್ಟು ಅಂತ ಕೊಟ್ಟು, ಲೇಟಾದರೆ ಫೋನಿನಲ್ಲಿ ಗಡಿಯಾರ ಓಡಿಸುವವರು ಬೇರೆ. ಫುಟ್‌ಪಾತ್ ಹತ್ತಿದರೆ ಎರಡು ನಿಮಿಷ ಉಳಿಯುತ್ತದೆ, ಹತ್ತುತ್ತಾನೆ.

ಅಪ್ಪನ ಕಾಲದಲ್ಲಿ ನಮ್ಮದೂ ಬಾಡಿಗೆ ವ್ಯಾಪಾರವೇ ಇತ್ತು. ಗಂಟೆ ಲೆಕ್ಕದಲ್ಲಿ ಸೈಕಲ್ ಕೊಡುತ್ತಿದ್ದರು. ಹಿಂದಿನ ಮಡ್‌ಗಾರ್ಡ್ ಮೇಲೆ ಅಂಗಡಿ ಹೆಸರು, ಅದರ ಕೆಳಗೆ ಕೈಯಗಲದ ಬಿಳೀ ಅಂಕಿ. ಗಲ್ಲಾ ಪಕ್ಕ ಉದ್ದನೆಯ ಪುಸ್ತಕ. ಅದರಲ್ಲಿ ಹೆಸರೇ ಇರುತ್ತಿರಲಿಲ್ಲ. 'ನಾಲ್ಕನೇ ನಂಬರ್, ಕೆಇಬಿ ಲೈನ್‌ಮ್ಯಾನ್ ಭಾಮೈದ, ಹತ್ತೂಕಾಲು.' 'ಏಳನೇ ನಂಬರ್, ಬೇಕರಿ ಮೇಲಿನ ಮನೆ ಮೇಷ್ಟ್ರ ಮಗ, ನಾಲ್ಕು ಗಂಟೆ.' ಗುರುತಿಲ್ಲದವರಿಗೆ ಗುರುತಿದ್ದವರು ಯಾರಾದರೂ ಬಂದು ಹೇಳಿದರೆ ಮಾತ್ರ ಸೈಕಲ್. ಒಂದು ಸಲ ಏಳನೇ ನಂಬರ್ ಹೂವಿನ ಅಜ್ಜಿಗೆ ಗುದ್ದಿತು. ಹುಡುಗ ಹೆದರಿ ಓಡಿದ. ಜನ ಅವನ ಹಿಂದೆ ಓಡಲಿಲ್ಲ. ಸೀದಾ ನಮ್ಮ ಅಂಗಡಿಗೆ ಬಂದರು. ಅಪ್ಪ ಗಲ್ಲಾದಿಂದ ದುಡ್ಡು ತೆಗೆದು ಅಜ್ಜಿಯನ್ನು ಡಾಕ್ಟರ ಹತ್ತಿರ ಕಳಿಸಿ, ಚೆಲ್ಲಿದ ಹೂವಿಗೂ ಕೊಟ್ಟು, ಸಂಜೆ ಮೇಷ್ಟ್ರ ಮನೆ ಬಾಗಿಲು ತಟ್ಟಿದರು. ಆಮೇಲೆ ಆ ಹುಡುಗನಿಗೆ ಸೈಕಲ್ ಕೊಡುವುದನ್ನೇ ನಿಲ್ಲಿಸಿದರು. ಬೆಲ್ ಕೆಟ್ಟ ಸೈಕಲನ್ನೂ ಅವತ್ತಿನಿಂದ ಬಾಡಿಗೆಗೆ ಬಿಡಲಿಲ್ಲ. ಯಾಕೆಂದರೆ ಗುದ್ದಿದರೆ ಬರುವುದು ತಮ್ಮ ಬಾಗಿಲಿಗೇ ಅಂತ ಗೊತ್ತಿತ್ತು.

ನಮ್ಮೂರಿನ ಟ್ರಿನ್ ಟ್ರಿನ್, ಅಂದರೆ ನಿಲ್ದಾಣದಿಂದ ಬಾಡಿಗೆಗೆ ಸೈಕಲ್ ಕೊಡುವ ಸಾರ್ವಜನಿಕ ಯೋಜನೆ ಕೂಡ ಅದೇ ದಾರಿ. 2017ರ ಜೂನ್‌ನಲ್ಲಿ ಶುರುವಾದಾಗ 450 ಸೈಕಲ್, 48 ನಿಲ್ದಾಣ. ಗುರುತಿನ ದಾಖಲೆ ಕೊಟ್ಟು ಕಾರ್ಡ್ ಮಾಡಿಸಿಕೊಂಡವರಿಗೆ ಮಾತ್ರ ಸೈಕಲ್ ಸಿಗುತ್ತಿತ್ತು. ಯಾವ ಸೈಕಲ್ ಯಾರ ಕೈಯಲ್ಲಿದೆ ಅನ್ನುವುದು ಅವರಿಗೆ ಗೊತ್ತಿರುತ್ತಿತ್ತು. ಸ್ವಂತ ಸೈಕಲ್ ತುಳಿಯುವವನ ತಂಟೆಗೆ ಯಾರೂ ಹೋಗಲಿಲ್ಲ.

ಬ್ಯಾಟರಿ ಗಾಡಿಗೂ ಇಷ್ಟೇ ಮಾಡಿ ಅನ್ನುತ್ತೇನೆ. ಬಾಡಿಗೆಗೋ ವ್ಯಾಪಾರಕ್ಕೋ ಬಿಟ್ಟ ಗಾಡಿಗೆ, ಅದು 25 ಕಿ.ಮೀ. ಒಳಗಿನದಾದರೂ, ಹಿಂದೆ ಮುಂದೆ ಕೈಯಗಲದ ನಂಬರ್ ಇರಲಿ. ಬಾಡಿಗೆಗೆ ಬಿಟ್ಟವರ ಹೆಸರು, ಫೋನ್ ನಂಬರ್ ಅದರ ಮೇಲೆ ಬರೆದಿರಲಿ. ನಿಯಮ ಮುರಿದರೆ ದಂಡದ ನೋಟಿಸ್ ಮೊದಲು ಅವರಿಗೆ ಹೋಗಲಿ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ ಆಗಲಿ. ಈ ಇನ್ಶೂರೆನ್ಸ್ ಸಣ್ಣ ವಿಷಯ ಅಲ್ಲ. ನಿಮಗೆ ಸ್ಕೂಟರ್ ಗುದ್ದಿದ್ದರೆ ಅದರ ಇನ್ಶೂರೆನ್ಸ್ ಕಂಪನಿಯಿಂದ ಆಸ್ಪತ್ರೆ ಖರ್ಚು ಕೇಳಬಹುದಿತ್ತು. ಗುದ್ದಿದವನು ಸಿಗದೇ ಹೋದರೂ, ಗಂಭೀರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಪರಿಹಾರದ ಯೋಜನೆ 2022ರಿಂದ ಇದೆ. ಅದೆಲ್ಲ ಮೋಟಾರು ವಾಹನಕ್ಕೆ. ಕಾನೂನು ಇದನ್ನು ಮೋಟಾರು ವಾಹನವೇ ಅಲ್ಲ ಅಂದ ಕೂಡಲೇ ಗಾಯ ಆದವರಿಗೆ ಆ ಎರಡೂ ಬಾಗಿಲು ಮುಚ್ಚಿದವು. ಸಾವಿರಾರು ಗಾಡಿ ಓಡಿಸುವವರಿಗೆ ಗಾಡಿಗಿಷ್ಟು ಅಂತ ಇನ್ಶೂರೆನ್ಸ್ ಕಟ್ಟುವುದು ದೊಡ್ಡ ಹೊರೆ ಅಲ್ಲ.

ನಮ್ಮ ಸೈಕಲ್‌ನವರೆಲ್ಲ ಸಾಚಾ ಅಂತ ನಾನು ಹೇಳುತ್ತಿಲ್ಲ. ರಾಂಗ್ ಸೈಡಿನಲ್ಲಿ ಬರುವವರು, ಕಿವಿಗೆ ಇಯರ್‌ಫೋನ್ ಹಾಕಿದವರು, ಬೆಲ್ಲೂ ಬ್ರೇಕೂ ಇಲ್ಲದೆ ಕಾಲು ನೆಲಕ್ಕೆ ಉಜ್ಜಿ ನಿಲ್ಲಿಸುವವರು ಎಲ್ಲ ಇದ್ದಾರೆ. ಅವರಿಗೆ ಕಾನೂನು ಈಗಲೇ ಇದೆ. ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ಪ್ರಕಾರ ರಸ್ತೆಯಲ್ಲಿ ಯಾವುದೇ ವಾಹನವನ್ನು ಜನರ ಪ್ರಾಣಕ್ಕೆ ಅಪಾಯ ಆಗುವಂತೆ ಓಡಿಸಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೋಟಾರು ವಾಹನ ಅಂತ ಅಲ್ಲಿ ಹೇಳಿಲ್ಲ. ಸೈಕಲ್‌ಗೂ ಸೇರುತ್ತದೆ, ಬ್ಯಾಟರಿ ಗಾಡಿಗೂ ಸೇರುತ್ತದೆ. ಹೊಸ ಲೈಸೆನ್ಸ್ ಬೇಕಿಲ್ಲ.

ಅದರ ಜೊತೆಗೆ ಇನ್ನೊಂದು ಲೆಕ್ಕವನ್ನೂ ಇಡಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನಡೆದುಹೋಗುವವರು 32,825. ಸೈಕಲ್‌ನವರು 4,800ಕ್ಕೂ ಜಾಸ್ತಿ. ಇವರ ಸೈಕಲ್‌ಗೆ ಗುದ್ದಿದವರಲ್ಲಿ ಹೆಚ್ಚಿನವರ ಹತ್ತಿರ ನಂಬರ್ ಪ್ಲೇಟೂ ಇತ್ತು, ಲೈಸೆನ್ಸೂ ಇದ್ದಿರುತ್ತದೆ. ಗುದ್ದಿಸಿಕೊಂಡ ಸೈಕಲ್‌ಗಳು ನನ್ನ ಅಂಗಡಿಗೆ ಬರುತ್ತವೆ, ಬಹಳ ಸಲ ಸವಾರನ ಬದಲು ಅವನ ಅಣ್ಣನೋ ತಮ್ಮನೋ ತಂದಿರುತ್ತಾನೆ. ಫೋರ್ಕ್ ಹಿಂದಕ್ಕೆ ಬಾಗಿದ್ದರೆ ಅವನೇ ಹೋಗಿ ಏನಕ್ಕೋ ಗುದ್ದಿದ್ದಾನೆ. ಹಿಂದಿನ ಚಕ್ರ ಎಂಟರ ಆಕಾರಕ್ಕೆ ತಿರುಚಿದ್ದರೆ ಹಿಂದಿನಿಂದ ಯಾರೋ ಗುದ್ದಿದ್ದಾರೆ. ನನ್ನ ಹತ್ತಿರ ಬರುವುದು ಎರಡನೆಯ ಥರದವೇ ಜಾಸ್ತಿ. ಅದಕ್ಕೆ ರಾತ್ರಿ ಓಡಾಡುವ ಸೈಕಲ್ ಅಂಗಡಿಗೆ ಬಂದರೆ ಮಡ್‌ಗಾರ್ಡ್‌ಗೆ ಕೆಂಪು ರೇಡಿಯಂ ಸ್ಟಿಕ್ಕರ್ ಅಂಟಿಸಿಯೇ ಕಳಿಸುತ್ತೇನೆ, ಅದಕ್ಕೆ ಕಾಸು ತೆಗೆದುಕೊಳ್ಳುವುದಿಲ್ಲ. ಇನ್ನು ಸೀಟಿನ ಕೆಳಗೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹೆಸರು, ಮನೆಯವರ ಫೋನ್ ನಂಬರ್, ಬ್ಲಡ್ ಗ್ರೂಪ್ ಬರೆದ ಚೀಟಿ ಇಟ್ಟುಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ. ಪೊಲೀಸರಿಗೆ ತೋರಿಸುವುದಕ್ಕಲ್ಲ. ಜ್ಞಾನ ತಪ್ಪಿ ಬಿದ್ದಾಗ ಮನೆಯವರಿಗೆ ಯಾರಾದರೂ ಫೋನ್ ಮಾಡಲಿ ಅಂತ.

ಕೊನೆಯದಾಗಿ ಆ ಹಿರಿಯರಿಗೆ. ಸಾರ್, ನಿಮಗೆ ಗುದ್ದಿದ ಗಾಡಿಗೆ ನಂಬರ್ ಇಲ್ಲ ಅಂತ ಬೇಜಾರಾಗಬೇಡಿ. ಬಾಡಿಗೆ ಬ್ಯಾಟರಿ ಗಾಡಿಗಳಲ್ಲಿ ಜಿಪಿಎಸ್ ಇರುತ್ತದೆ, ಇಲ್ಲದಿದ್ದರೆ ಅವರ ಗಾಡಿ ಅವರಿಗೇ ಸಿಗುವುದಿಲ್ಲ. ಡೆಲಿವರಿ ಹುಡುಗನ ಫೋನಿನಲ್ಲಿ ಕಂಪನಿಯ ಆಪ್ ಸದಾ ಆನ್ ಇರುತ್ತದೆ. ಅವತ್ತು ಅಷ್ಟು ಹೊತ್ತಿಗೆ, ಆ ರಸ್ತೆಯಲ್ಲಿ, ಆ ಚೀಲ ಹೊತ್ತ ಯಾವ ಹುಡುಗ ಇದ್ದ ಅನ್ನುವುದು ಅವರ ಕಂಪ್ಯೂಟರಿನಲ್ಲಿ ಇವತ್ತಿಗೂ ಇರಬೇಕು. ನೀವು ಕೇಳಿದರೆ ಕೊಡುವುದಿಲ್ಲ, ಪೊಲೀಸರು ಕೇಳಿದರೆ ಕೊಡಲೇಬೇಕು. ಆದರೆ ಹಳೇ ರೆಕಾರ್ಡ್ ಅಳಿಸಿಹೋಗುವ ಮೊದಲು ಕೇಳಬೇಕು. ಹಾಗಾಗಿ ತಡ ಮಾಡದೆ ಸ್ಟೇಷನ್‌ಗೆ ಹೋಗಿ, ಟೈಮು, ಜಾಗ, ಚೀಲದ ಬಣ್ಣ, ಅದರ ಮೇಲಿದ್ದ ಹೆಸರು ಎಲ್ಲ ಬರೆದು 281ನೇ ಸೆಕ್ಷನ್ ಕೆಳಗೆ ದೂರು ಕೊಡಿ. ಎಕ್ಸ್‌ರೇ ರಿಪೋರ್ಟ್ ಜೊತೆಗಿಡಿ. ಆ ರಸ್ತೆಯ ಅಂಗಡಿಗಳ ಸಿಸಿಟಿವಿ ಇದ್ದರೆ ಅದನ್ನೂ ದೂರಿನಲ್ಲಿ ನಮೂದಿಸಿ. ಕೈ ನೋವಿನಲ್ಲಿ ಬರೆಯುವುದು ಕಷ್ಟ ಆದರೆ ಸಂಜೆ ಆರರ ಮೇಲೆ ಅಂಗಡಿ ಕಡೆ ಬನ್ನಿ, ಮಗಳು ಬರೆದುಕೊಡುತ್ತಾಳೆ.

ಇಂತಿ,
ಅಗ್ರಹಾರದ ಸೈಕಲ್ ಶಾಪಿನವನು,
ಮೈಸೂರು